ತೇರು ಎಳೆದವರು ಯಾರು, ಹಾರ ಯಾರಿಗೆ?

2024ರ ಅಕ್ಟೋಬರ್ 8, ಮಂಗಳವಾರ. ಭೌತಶಾಸ್ತ್ರದ ನೊಬೆಲ್ ಜಾನ್ ಹಾಪ್‌ಫೀಲ್ಡ್ ಮತ್ತು ಜೆಫ್ರಿ ಹಿಂಟನ್ ಅವರಿಗೆ ಅಂತ ಘೋಷಣೆ ಆಯ್ತು. ಮಾರನೇ ದಿನ ರಸಾಯನಶಾಸ್ತ್ರದ್ದು. ಅದರಲ್ಲಿ ಅರ್ಧ ಡೇವಿಡ್ ಬೇಕರ್‌ಗೆ, ಇನ್ನರ್ಧ ಗೂಗಲ್ ಡೀಪ್‌ಮೈಂಡ್‌ನ ಡೆಮಿಸ್ ಹಸಾಬಿಸ್ ಮತ್ತು ಜಾನ್ ಜಂಪರ್‌ಗೆ. ಎರಡು ದಿನದಲ್ಲಿ ಎರಡು ನೊಬೆಲ್ ಎಐ ಮನೆಗೆ! ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಅವತ್ತು ಎದ್ದ ಪ್ರಶ್ನೆ ಒಂದೇ: 'ಇದು ಫಿಸಿಕ್ಸ್ ಹೇಗಾಗುತ್ತೆ ಗುರೂ?'

ಪ್ರಶ್ನೆ ತಪ್ಪೇನಲ್ಲ. ಆದರೆ ಅದಕ್ಕಿಂತ ಮುಖ್ಯವಾದ ಇನ್ನೊಂದು ಪ್ರಶ್ನೆ ಇದೆ, ಅದನ್ನು ಯಾರೂ ಅಷ್ಟಾಗಿ ಕೇಳಲಿಲ್ಲ. ಈ ಕ್ಷೇತ್ರದಲ್ಲಿ 'ಅತ್ಯುತ್ತಮ ಸಂಶೋಧಕ' ಅಂತ ಒಬ್ಬರನ್ನು ಆರಿಸುವುದು ಹೇಗೆ? ಯಾವಾಗ? ಆರಿಸುವಾಗ ಯಾರು ಫೋಟೋದಿಂದ ಹೊರಗೆ ಉಳಿಯುತ್ತಾರೆ? ಪ್ರಶಸ್ತಿ ಅಂದರೆ ಸನ್ಮಾನ, ಶಾಲು, ಚೆಕ್ಕು ಇಷ್ಟೇ ಆಗಿದ್ದರೆ ನಾವು ತಲೆ ಕೆಡಿಸಿಕೊಳ್ಳಬೇಕಾಗಿರಲಿಲ್ಲ. ಆದರೆ ಪ್ರಶಸ್ತಿ ಯಾವ ಕಡೆ ಕೈ ತೋರಿಸುತ್ತದೋ ಆ ಕಡೆಗೆ ಹಣ ಹರಿಯುತ್ತೆ, ಪಿಎಚ್‌ಡಿ ಸೀಟು ಹರಿಯುತ್ತೆ, ಇಂಜಿನಿಯರಿಂಗ್ ಮೂರನೇ ವರ್ಷದಲ್ಲಿರುವ ಹುಡುಗ ಹುಡುಗಿಯರ ಕನಸೂ ಹರಿಯುತ್ತೆ. ಹಾಗಾಗಿ ಇದು ನಮ್ಮ ಪ್ರಶ್ನೆಯೂ ಹೌದು.

ಇದನ್ನು ಬಿಡಿಸಿ ನೋಡಲು ಎರಡು ಬಗೆಯ ಪ್ರಶಸ್ತಿಗಳನ್ನು ಪಕ್ಕ ಪಕ್ಕ ಇಡೋಣ. ಒಂದು ಕಡೆ ನೊಬೆಲ್, ಟ್ಯೂರಿಂಗ್‌ನಂಥ ದೊಡ್ಡವು. ಇನ್ನೊಂದು ಕಡೆ ನಮ್ಮಲ್ಲಿ ಹೆಚ್ಚಿನವರು ಹೆಸರೂ ಕೇಳಿರದ ಒಂದು ಸಣ್ಣ ಪ್ರಶಸ್ತಿ.

ಸಣ್ಣ ಪ್ರಶಸ್ತಿಯ ದೊಡ್ಡ ಕಣ್ಣು

ಕಂಪ್ಯೂಟರ್ ವಿಜ್ಞಾನಿಗಳ ಸಂಘ ಎಸಿಎಂನಲ್ಲಿ ಎಐ ಕುರಿತ ಒಂದು ಒಳಗುಂಪು ಇದೆ, ಈಗ ಅದರ ಹೆಸರು ಸಿಗ್‌ಎಐ. ಇವರು 2001ರಿಂದ 'ಸ್ವಾಯತ್ತ ಏಜೆಂಟ್‌ಗಳ ಸಂಶೋಧನಾ ಪ್ರಶಸ್ತಿ' ಕೊಡುತ್ತಾ ಬಂದಿದ್ದಾರೆ. ಇದರ ನಿಯಮದಲ್ಲಿ ನನಗೆ ಇಷ್ಟವಾಗುವ ಒಂದು ಅಂಶ ಇದೆ. ಹಳೇ ಸಾಧನೆಗೆ ಮುಡಿಸುವ ಹೂವಲ್ಲ ಇದು. ಯಾರ ಸದ್ಯದ ಕೆಲಸ ಕ್ಷೇತ್ರದ ಮೇಲೆ ಪ್ರಭಾವ ಬೀರುತ್ತಿದೆಯೋ ಅವರನ್ನು ಗುರುತಿಸುವುದು ಇದರ ಉದ್ದೇಶ.

ಸ್ವಾಯತ್ತ ಏಜೆಂಟ್ ಅಂದರೆ ಏನು? ಸುತ್ತಲಿನ ಪರಿಸ್ಥಿತಿ ನೋಡಿ, ತನ್ನ ಗುರಿ ನೆನಪಿಟ್ಟುಕೊಂಡು, ಪ್ರತಿ ಹೆಜ್ಜೆಗೂ ಅಪ್ಪಣೆ ಕೇಳದೆ ತಾನೇ ನಿರ್ಧಾರ ತಗೊಳ್ಳುವ ಸಾಫ್ಟ್‌ವೇರ್ ಅಥವಾ ರೋಬೋ. ಒಂದೇ ಇದ್ದರೆ ಕಷ್ಟ ಕಮ್ಮಿ. ಹತ್ತು ಇದ್ದು, ಒಂದೊಂದಕ್ಕೂ ತನ್ನದೇ ಸ್ವಾರ್ಥ ಇದ್ದರೆ ನಿಜವಾದ ಕಷ್ಟ ಶುರು. ಹಳೇ ಮೈಸೂರು ಸೀಮೆಯ ಹಳ್ಳಿಯಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕೆರೆಯ ನೀರನ್ನು ಅಚ್ಚುಕಟ್ಟಿನ ಗದ್ದೆಗಳಿಗೆಲ್ಲ ಹಂಚಲು ನೀರ್ಗಂಟಿ ಅಂತ ಒಬ್ಬರು ಇರುತ್ತಿದ್ದರು. ತೂಬಿನ ಹತ್ತಿರದ ಗದ್ದೆಯವನಿಗೆ ಎಷ್ಟು ನೀರು ಸಿಕ್ಕರೂ ಸಾಲದು. ಕಾಲುವೆ ಕೊನೆಯವನಿಗೆ ಬಂದರೆ ಸಾಕು. ರಾತ್ರಿ ಯಾರೋ ಕಾಲುವೆ ಒಡೆದು ತಮ್ಮ ಕಡೆ ತಿರುಗಿಸಿಕೊಳ್ತಾರೆ. ಎಲ್ಲರೂ ಸುಳ್ಳು ಹೇಳಬಹುದು ಅಂತ ಗೊತ್ತಿದ್ದೂ ಎಲ್ಲರೂ ಒಪ್ಪುವ ಹಾಗೆ ನೀರು ಹಂಚಬೇಕು. ಮಲ್ಟಿ ಏಜೆಂಟ್ ಸಿಸ್ಟಮ್ ಅಂದರೆ ಸರಿಸುಮಾರು ಇದೇ. ನೀರ್ಗಂಟಿಯ ಜಾಗದಲ್ಲಿ ಗಣಿತ ಇರುತ್ತೆ ಅಷ್ಟೇ.

ಈ ಪ್ರಶಸ್ತಿ ಮೊದಲ ಸಲ, 2001ರಲ್ಲಿ, ಸಿಕ್ಕಿದ್ದು ಟುವೊಮಾಸ್ ಸ್ಯಾಂಡ್‌ಹೋಮ್ ಅವರಿಗೆ. ಆಗ ಅವರಿಗೆ ಮೂವತ್ತರ ಮೇಲೆ ಎರಡೋ ಮೂರೋ ವರ್ಷ. ಹರಾಜು, ಚೌಕಾಸಿ, ಒಪ್ಪಂದ ಇವನ್ನು ಕಂಪ್ಯೂಟರ್ ಏಜೆಂಟ್‌ಗಳು ಹೇಗೆ ಮಾಡಬಹುದು ಅನ್ನೋದು ಅವರ ವಿಷಯ. ಜಗತ್ತು ಅವರ ಹೆಸರು ಕೇಳಿದ್ದು 2017ರ ಜನವರಿಯಲ್ಲಿ. ಅವರೂ ಅವರ ವಿದ್ಯಾರ್ಥಿ ನೋಮ್ ಬ್ರೌನ್ ಕೂಡಿ ಕಟ್ಟಿದ ಲಿಬ್ರಾಟಸ್ ಅನ್ನುವ ಪ್ರೋಗ್ರಾಮ್ ಪಿಟ್ಸ್‌ಬರ್ಗ್‌ನಲ್ಲಿ ನಾಲ್ಕು ಜನ ವೃತ್ತಿಪರ ಪೋಕರ್ ಆಟಗಾರರ ಜೊತೆ 20 ದಿನ, 1,20,000 ಕೈ ಆಡಿ ಗೆದ್ದಾಗ. ಅಷ್ಟರಲ್ಲಿ ಅವರ ಕೆಲಸ ಅಮೆರಿಕದ ರಾಷ್ಟ್ರಮಟ್ಟದ ಕಿಡ್ನಿ ವಿನಿಮಯ ವ್ಯವಸ್ಥೆಗೂ ಹೋಗಿ ಸೇರಿತ್ತು. ತನ್ನವರಿಗೆ ಕಿಡ್ನಿ ಕೊಡಲು ಒಪ್ಪಿದರೂ ಹೊಂದಾಣಿಕೆಯಾಗದ ದಾನಿಗಳು ಇರುತ್ತಾರಲ್ಲ, ಅಂಥ ಜೋಡಿಗಳನ್ನು ಒಬ್ಬರಿಗೊಬ್ಬರು ಅದಲು ಬದಲು ಮಾಡಿ ಹೊಂದಿಸುವ ಲೆಕ್ಕ ಅದು. ಸಣ್ಣ ಪ್ರಶಸ್ತಿ ಈ ಮನುಷ್ಯನನ್ನು ಗುರುತಿಸಿದ್ದು ಪೋಕರ್ ಗೆಲುವಿಗೆ 16 ವರ್ಷ ಮೊದಲು.

2005ರದ್ದು ಮಿಲಿಂದ್ ತಾಂಬೆ ಅವರಿಗೆ. ಪಿಲಾನಿಯ ಬಿಟ್ಸ್‌ನಲ್ಲಿ ಓದಿ ಅಮೆರಿಕಕ್ಕೆ ಹೋದವರು. ಏಜೆಂಟ್‌ಗಳು ತಂಡವಾಗಿ ಕೆಲಸ ಮಾಡೋದು ಹೇಗೆ ಅಂತ ಆಗ ಅವರು ಅಧ್ಯಯನ ಮಾಡುತ್ತಿದ್ದರು. ಎರಡು ವರ್ಷದ ನಂತರ, 2007ರಲ್ಲಿ, ಅವರ ತಂಡದ ಆರ್ಮರ್ ಅನ್ನುವ ಪ್ರೋಗ್ರಾಮ್ ಲಾಸ್ ಏಂಜಲೀಸ್ ವಿಮಾನ ನಿಲ್ದಾಣದಲ್ಲಿ ಬಳಕೆಗೆ ಬಂತು. ಪೊಲೀಸರು ಯಾವ ರಸ್ತೆಯಲ್ಲಿ ಎಷ್ಟೊತ್ತಿಗೆ ತಪಾಸಣೆ ಮಾಡಬೇಕು, ಶ್ವಾನದಳ ಯಾವ ಟರ್ಮಿನಲ್‌ನಲ್ಲಿ ಇರಬೇಕು ಅಂತ ಅದು ಹೇಳುತ್ತಿತ್ತು. ಉಪಾಯ ಸರಳ. ಕೆಟ್ಟ ಕೆಲಸ ಮಾಡಲು ಬರುವವನು ಮೊದಲೇ ನಿಂತು ನಮ್ಮ ರೂಢಿ ಗಮನಿಸುತ್ತಾನೆ, ಆದ್ದರಿಂದ ರೂಢಿಯೇ ಇರಬಾರದು. ಆದರೆ ಸುಮ್ಮನೆ ಕಣ್ಣುಮುಚ್ಚಿ ಚೀಟಿ ಎತ್ತಿದ ಹಾಗೂ ಇರಬಾರದು, ಮುಖ್ಯವಾದ ಜಾಗಕ್ಕೆ ಹೆಚ್ಚು ಸಲ ಕಾವಲು ಬೀಳಬೇಕು. ಇದೇ ಲೆಕ್ಕವನ್ನು ಮುಂದೆ ಕಾಡುಪ್ರಾಣಿ ಬೇಟೆ ತಡೆಯುವ ಗಸ್ತಿಗೂ ಒಗ್ಗಿಸಿದರು.

ತಾಂಬೆ ಆಮೇಲೆ ಬೆಂಗಳೂರಿನ ಗೂಗಲ್ ರಿಸರ್ಚ್ ಇಂಡಿಯಾ ಜೊತೆಗೂ ಕೆಲಸ ಮಾಡಿದರು. ಮುಂಬೈಯ ಅರ್ಮಾನ್ ಎಂಬ ಸೇವಾಸಂಸ್ಥೆ ಬಡ ಗರ್ಭಿಣಿಯರಿಗೆ, ಬಾಣಂತಿಯರಿಗೆ ಪ್ರತಿ ವಾರ ಉಚಿತ ಧ್ವನಿ ಕರೆ ಮಾಡಿ ಆರೋಗ್ಯದ ಮಾಹಿತಿ ಕೊಡುತ್ತೆ. ಕೆಲವು ತಾಯಂದಿರು ಸ್ವಲ್ಪ ದಿನ ಆದ ಮೇಲೆ ಕರೆ ಕೇಳೋದು ಬಿಟ್ಟುಬಿಡ್ತಾರೆ. ಅವರಿಗೆಲ್ಲ ಕಾರ್ಯಕರ್ತೆಯರು ಖುದ್ದಾಗಿ ಫೋನ್ ಮಾಡಿ ಮಾತಾಡಿಸೋಣ ಅಂದರೆ ಅಷ್ಟು ಜನ ಇಲ್ಲ. ಹಾಗಾದರೆ ಈ ವಾರ ಯಾರಿಗೆ ಮಾಡಿದರೆ ಹೆಚ್ಚು ಉಪಯೋಗ? ಈ ಆಯ್ಕೆಗೆ ಅವರ ತಂಡದ ಲೆಕ್ಕ ನೆರವಾಗುತ್ತೆ. ಮತ್ತೆ ನೀರ್ಗಂಟಿಯ ಪ್ರಶ್ನೆಯೇ: ಇರುವುದು ಕಮ್ಮಿ, ಬೇಕಾದವರು ಜಾಸ್ತಿ, ಇವತ್ತು ತೂಬು ಯಾರ ಕಡೆ?

ಇನ್ನು ಕೆಲವು ಹೆಸರು ಹೇಳಿ ಮುಂದೆ ಹೋಗುತ್ತೇನೆ. 2002ರಲ್ಲಿ ಕಾಟಿಯಾ ಸಿಕಾರಾ, 2003ರಲ್ಲಿ ನಿಕ್ ಜೆನ್ನಿಂಗ್ಸ್, 2007ರಲ್ಲಿ ಇಸ್ರೇಲಿನ ಸರಿತ್ ಕ್ರೌಸ್, 2009ರಲ್ಲಿ ಮನುಯೆಲಾ ವೆಲೊಸೊ. ವೆಲೊಸೊ ಅವರ ಕೋಬಾಟ್ ರೋಬೋಗಳ ವಿಷಯ ನನಗೆ ಬಹಳ ಹಿಡಿಸಿದ್ದು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಕಾರಿಡಾರುಗಳಲ್ಲಿ ಓಡಾಡುತ್ತಿದ್ದ ಇವಕ್ಕೆ ಕೈ ಇರಲಿಲ್ಲ. ಲಿಫ್ಟ್ ಮುಂದೆ ನಿಂತು, ಬಂದು ಹೋಗುವವರನ್ನು 'ಸ್ವಲ್ಪ ಬಟನ್ ಒತ್ತುತ್ತೀರಾ' ಅಂತ ಕೇಳುತ್ತಿದ್ದವು. ತನಗೆ ಏನು ಬರೋದಿಲ್ಲ ಅಂತ ಗೊತ್ತಿರುವುದು, ಗೊತ್ತಾದಾಗ ಸಂಕೋಚವಿಲ್ಲದೆ ಸಹಾಯ ಕೇಳುವುದು. ಇಂಥ ಕೆಲಸದತ್ತ ಹೊರಟ ಸಂಶೋಧಕಿಯನ್ನು ಗುರುತಿಸಿದ ಸಮಿತಿಯ ಮೇಲೆ ನನಗೆ ಗೌರವ ಇದೆ.

ಗಮನಿಸಿ, ಒಂಬತ್ತು ವರ್ಷದ ಒಳಗೆ ಮೂವರು ಮಹಿಳೆಯರ ಹೆಸರು ಬಂದಾಯ್ತು. 1966ರಲ್ಲಿ ಶುರುವಾದ ಟ್ಯೂರಿಂಗ್ ಪ್ರಶಸ್ತಿ ಮೊದಲ ಮಹಿಳೆಯನ್ನು, ಫ್ರಾನ್ಸಿಸ್ ಆಲನ್ ಅವರನ್ನು, ಕಂಡುಕೊಂಡಿದ್ದು 2006ಕ್ಕೆ. ನಲವತ್ತು ವರ್ಷ!

ಆದರೂ ಈ ಸಣ್ಣ ಪ್ರಶಸ್ತಿಯ ಸುದ್ದಿ ಆ ಕ್ಷೇತ್ರದ ಸಮ್ಮೇಳನ ದಾಟಿ ಹೊರಗೆ ಬರೋದಿಲ್ಲ. ಇದು ಬರೀ ಪ್ರಚಾರದ ಕೊರತೆ ಅಲ್ಲ, ನಷ್ಟವೂ ಹೌದು. ಇವತ್ತು ಔಟರ್ ರಿಂಗ್ ರೋಡಿನಲ್ಲಿ ಎರಡು ಸಿಗ್ನಲ್ ದಾಟುವಷ್ಟರಲ್ಲಿ 'ಏಜೆಂಟಿಕ್ ಎಐ' ಅನ್ನುವ ಬೋರ್ಡು ಕಾಣುತ್ತೆ. ನಮ್ಮಲ್ಲಿ ಅನೇಕರ ಕೆಲಸವೇ ಈಗ ಅದು. ಒಂದು ಏಜೆಂಟ್ ಇನ್ನೊಂದಕ್ಕೆ ಕೆಲಸ ಒಪ್ಪಿಸೋದು ಹೇಗೆ ಅಂತ ಸ್ಪ್ರಿಂಟ್ ಮೇಲೆ ಸ್ಪ್ರಿಂಟ್ ಕಳೆಯುತ್ತೇವೆ. ರೀಡ್ ಸ್ಮಿತ್ ಅನ್ನುವವರು 1980ರಲ್ಲೇ ಕಾಂಟ್ರ್ಯಾಕ್ಟ್ ನೆಟ್ ಅಂತ ಒಂದು ವಿಧಾನ ಬರೆದಿಟ್ಟಿದ್ದಾರೆ. ಕೆಲಸ ಇರುವವನು ಟೆಂಡರ್ ಕರೀತಾನೆ, ಮಾಡಬಲ್ಲವರು ಬಿಡ್ ಹಾಕ್ತಾರೆ, ಒಬ್ಬರಿಗೆ ಗುತ್ತಿಗೆ ಸಿಗುತ್ತೆ. ಏಜೆಂಟ್‌ಗಳು ಮಾತಾಡಿಕೊಳ್ಳುವ ಭಾಷೆಯ ಮಟ್ಟವನ್ನು ಗೊತ್ತುಮಾಡಲು 1996ರಲ್ಲೇ ಫಿಪಾ ಅನ್ನುವ ಸಂಸ್ಥೆ ಹುಟ್ಟಿತ್ತು. 2025ರ ಏಪ್ರಿಲ್‌ನಲ್ಲಿ ಗೂಗಲ್ 'ಏಜೆಂಟ್ ಟು ಏಜೆಂಟ್' ಪ್ರೋಟೋಕಾಲ್ ತಂದಾಗ ಇದೆಲ್ಲ ಅವತ್ತೇ ಆಕಾಶದಿಂದ ಇಳಿದು ಬಂತೇನೋ ಅನ್ನುವ ಹಾಗೆ ಮಾತು ನಡೀತು. ಹಳೆಯದೆಲ್ಲ ಹಾಗೇ ಇವತ್ತಿಗೆ ಹೊಂದುತ್ತೆ ಅಂತ ನಾನು ಹೇಳುತ್ತಿಲ್ಲ. ಲ್ಯಾಂಗ್ವೇಜ್ ಮಾಡೆಲ್‌ಗಳು ಬಂದು ಚಿತ್ರ ಬೇರೆಯಾಗಿದೆ. ಆದರೆ ಏಜೆಂಟ್ ಸುಳ್ಳು ಹೇಳಿದರೆ ಏನು, ಅದು ದುಡಿಯುತ್ತಿರುವುದು ಯಾರ ಹಿತಕ್ಕೆ, ಎರಡು ಏಜೆಂಟ್ ಜಗಳಕ್ಕೆ ಬಿದ್ದರೆ ಪಂಚಾಯ್ತಿ ಯಾರದ್ದು ಅನ್ನುವ ಪ್ರಶ್ನೆಗಳು ಬದಲಾಗಿಲ್ಲ. ಇವಕ್ಕೆ ಉತ್ತರ ಹುಡುಕಿದವರನ್ನು ಸರಿಯಾಗಿ ಗುರುತಿಸದೇ ಇದ್ದರೆ ಅವರ ಉತ್ತರಗಳೂ ಕಳೆದುಹೋಗುತ್ತವೆ.

ದೊಡ್ಡ ಪ್ರಶಸ್ತಿಯ ಮೂರು ಕುರ್ಚಿ

ಈಗ ದೊಡ್ಡ ಪ್ರಶಸ್ತಿಯ ಕಡೆ ಬರೋಣ. ನೊಬೆಲ್‌ಗೆ ಒಂದು ನಿಯಮ ಇದೆ. ಒಂದು ಬಹುಮಾನ ಮೂವರಿಗಿಂತ ಹೆಚ್ಚು ಜನರಿಗೆ ಇಲ್ಲ, ತೀರಿಕೊಂಡವರಿಗೆ ಇಲ್ಲ. ಈ ಅಳತೆಗೆ ಎಐ ಚರಿತ್ರೆಯನ್ನು ಕತ್ತರಿಸಿ ಹೊಲಿದರೆ ಏನಾಗುತ್ತೆ ನೋಡಿ.

ಹಿಂಟನ್ ಅವರ ವಿಚಾರದಲ್ಲಿ ನೊಬೆಲ್ ಸಮಿತಿ ಎತ್ತಿ ಹೇಳಿದ್ದು ಬೋಲ್ಟ್ಸ್‌ಮನ್ ಮಶೀನ್ ಅನ್ನುವ ಕೆಲಸವನ್ನು. ಅದರ ಬಗ್ಗೆ 1985ರಲ್ಲಿ ಬಂದ ಹೆಸರಾಂತ ಲೇಖನಕ್ಕೆ ಮೂವರು ಲೇಖಕರು: ಡೇವಿಡ್ ಆಕ್ಲೆ, ಜೆಫ್ರಿ ಹಿಂಟನ್, ಟೆರಿ ಸೆಜ್ನೋಸ್ಕಿ. ಸೆಜ್ನೋಸ್ಕಿ ಪಿಎಚ್‌ಡಿ ಮಾಡಿದ್ದು ಇದೇ ಹಾಪ್‌ಫೀಲ್ಡ್ ಅವರ ಹತ್ತಿರ. ಅಂದರೆ ಬಹುಮಾನ ಪಡೆದ ಇಬ್ಬರ ನಡುವಿನ ಸೇತುವೆ ಅವರು. ಮೂರು ಕುರ್ಚಿಗೆ ಅವಕಾಶ ಇತ್ತು, ಸಮಿತಿ ತುಂಬಿದ್ದು ಎರಡನ್ನು. ಹಾಪ್‌ಫೀಲ್ಡ್ 1982ರಲ್ಲಿ ಬರೆದ ನೆನಪಿನ ಜಾಲಕ್ಕೆ ಹತ್ತಿರದ ವಿಚಾರವನ್ನು ಜಪಾನಿನ ಶುನಿಚಿ ಅಮಾರಿ 1972ರಲ್ಲೇ ಪ್ರಕಟಿಸಿದ್ದರು. ಅವರಿಗೂ ಆ ಕುರ್ಚಿ ಸಿಗಲಿಲ್ಲ.

ಜನ ಹಿಂಟನ್ ಹೆಸರಿನ ಜೊತೆ ತಕ್ಷಣ ನೆನೆಯುವುದು ಬ್ಯಾಕ್‌ಪ್ರಾಪಗೇಶನ್. ನ್ಯೂರಲ್ ನೆಟ್‌ವರ್ಕ್ ತನ್ನ ತಪ್ಪನ್ನು ಹಿಂದಕ್ಕೆ ಹಂಚಿಕೊಂಡು ತಿದ್ದಿಕೊಳ್ಳುವ ವಿಧಾನ ಇದು. ನೇಚರ್ ಪತ್ರಿಕೆಯ 1986ರ ಲೇಖನದಲ್ಲಿ ಮೊದಲ ಹೆಸರು ಡೇವಿಡ್ ರೂಮೆಲ್‌ಹಾರ್ಟ್ ಅವರದ್ದು, ಆಮೇಲೆ ಹಿಂಟನ್, ಆಮೇಲೆ ರೊನಾಲ್ಡ್ ವಿಲಿಯಮ್ಸ್. ಅದಕ್ಕೂ ಮೊದಲು 1970ರಲ್ಲಿ ಫಿನ್‌ಲ್ಯಾಂಡಿನ ಸೆಪ್ಪೊ ಲಿನ್ನೈನ್ಮಾ ತಮ್ಮ ಸ್ನಾತಕೋತ್ತರ ಪ್ರಬಂಧದಲ್ಲಿ ಇದರ ಗಣಿತ ಬರೆದಿದ್ದರು. 1974ರಲ್ಲಿ ಪಾಲ್ ವರ್ಬೋಸ್ ಹಾರ್ವರ್ಡಿನ ಪಿಎಚ್‌ಡಿಯಲ್ಲಿ ಈ ದಾರಿ ತೋರಿಸಿದ್ದರು. ರೂಮೆಲ್‌ಹಾರ್ಟ್ ಮೆದುಳನ್ನು ಸವೆಸುವ ಕಾಯಿಲೆಗೆ ತುತ್ತಾಗಿ 2011ರಲ್ಲಿ ತೀರಿಕೊಂಡರು. ಅವರ ಹೆಸರಿನಲ್ಲಿ ಒಂದು ಪ್ರಶಸ್ತಿ ಇದೆ. 2001ರಲ್ಲಿ ಅದನ್ನು ಮೊದಲು ಪಡೆದವರು ಯಾರು ಗೊತ್ತಾ? ಹಿಂಟನ್. ಹಿಂಟನ್ ದೊಡ್ಡ ಮನುಷ್ಯ, ರೂಮೆಲ್‌ಹಾರ್ಟ್ ಅವರ ಪಾಲನ್ನು ಹೋದಲ್ಲಿ ಬಂದಲ್ಲಿ ನೆನೆಯುತ್ತಾರೆ. ಆದರೆ ಗೆದ್ದವರ ಒಳ್ಳೆಯತನದ ಮೇಲೆ ಚರಿತ್ರೆ ನಿಲ್ಲಬೇಕಾದರೆ, ಪ್ರಶಸ್ತಿಯ ಕೆಲಸ ಅರ್ಧ ಆದ ಹಾಗೆ.

ಹಿಂಟನ್‌ಗೆ ಸಿಗಬಾರದಿತ್ತು ಅನ್ನೋದು ನನ್ನ ವಾದ ಅಲ್ಲ. ಯಾರೂ ಕೇಳದ ಕಾಲದಲ್ಲಿ ದಶಕಗಟ್ಟಲೆ ನ್ಯೂರಲ್ ನೆಟ್‌ವರ್ಕ್ ಹಿಡಿದು ಕೂತವರು ಅವರು. ನನ್ನ ತಕರಾರು ಇರುವುದು ಕಥೆ ಹೇಳುವ ರೀತಿಯ ಮೇಲೆ. ಪ್ರಶಸ್ತಿಗೆ ಒಬ್ಬ ನಾಯಕ ಬೇಕು, ಒಂದು ಕ್ಷಣ ಬೇಕು. ಎಐ ಬೆಳೆದದ್ದು ಹಾಗಲ್ಲ. ಅದು ಜಾತ್ರೆಯ ತೇರಿನ ಹಾಗೆ. ಮುಂದೆ ನಿಂತು ಬಾವುಟ ಬೀಸುವವರು ಕಾಣುತ್ತಾರೆ. ಹಗ್ಗ ಹಿಡಿದವರು ನೂರಾರು ಜನ. ಗಾಲಿಗೆ ಮರದ ದಿಮ್ಮಿ ಕೊಟ್ಟು ತೇರನ್ನು ತಿರುಗಿಸುವ ನಾಲ್ಕು ಜನ ಇರುತ್ತಾರಲ್ಲ, ಜೀವ ಕೈಲಿ ಹಿಡಿದು ಕೆಲಸ ಮಾಡುವವರು, ಅವರು ಯಾವ ಫೋಟೋದಲ್ಲೂ ಬರೋದಿಲ್ಲ.

ಗಾಲಿಯ ಹತ್ತಿರ ಇದ್ದವರು

ಡೀಪ್ ಲರ್ನಿಂಗ್ ತಿರುವು ತೆಗೆದುಕೊಂಡಿದ್ದು 2012ರಲ್ಲಿ ಅಂತ ಎಲ್ಲರೂ ಹೇಳುತ್ತಾರೆ. ಅಲೆಕ್ಸ್ ಕ್ರಿಜೆವ್ಸ್ಕಿ, ಇಲ್ಯಾ ಸುಟ್ಸ್‌ಕೆವರ್, ಹಿಂಟನ್ ಮೂವರ ಅಲೆಕ್ಸ್‌ನೆಟ್ ಚಿತ್ರ ಗುರುತಿಸುವ ಸ್ಪರ್ಧೆಯಲ್ಲಿ ತಪ್ಪಿನ ಪ್ರಮಾಣವನ್ನು ಶೇ. 15.3ಕ್ಕೆ ಇಳಿಸಿತು. ಎರಡನೇ ಸ್ಥಾನದವರದ್ದು ಶೇ. 26.2. ಆದರೆ ಆ ಸ್ಪರ್ಧೆ ನಡೆದದ್ದು ಯಾವುದರ ಮೇಲೆ? ಫೇ-ಫೇ ಲೀ ಮತ್ತು ಅವರ ತಂಡ 2009ರಲ್ಲಿ ಹೊರತಂದ ಇಮೇಜ್‌ನೆಟ್ ಅನ್ನುವ ಚಿತ್ರಭಂಡಾರದ ಮೇಲೆ. ಬೆಳೆಯುತ್ತಾ ಹೋಗಿ ಅದರಲ್ಲಿ ಸುಮಾರು 1.4 ಕೋಟಿ ಚಿತ್ರಗಳಾದವು. ಇದು ನಾಯಿ, ಇದು ತಕ್ಕಡಿ, ಇದು ಎತ್ತಿನಗಾಡಿ ಅಂತ ಕೂತು ಗುರುತು ಹಾಕಿದವರು ಅಮೆಜಾನ್ ಮೆಕ್ಯಾನಿಕಲ್ ಟರ್ಕ್‌ನಲ್ಲಿ ಪುಡಿಗಾಸಿಗೆ ದುಡಿದ, 167 ದೇಶಗಳ ಸುಮಾರು 49,000 ಜನ. ನಮ್ಮ ದೇಶದವರೂ ಅದರಲ್ಲಿದ್ದರು. 2018ರ ಟ್ಯೂರಿಂಗ್ ಪ್ರಶಸ್ತಿ ಯೋಶುವಾ ಬೆಂಜಿಯೊ, ಹಿಂಟನ್, ಯಾನ್ ಲೆಕುನ್ ಮೂವರಿಗೆ ಹೋಯಿತು. ಡೇಟಾ ಕಟ್ಟಿದವರ ಹೆಸರು ಆ ಪಟ್ಟಿಯಲ್ಲಿ ಇಲ್ಲ.

ರಸಾಯನಶಾಸ್ತ್ರದ ನೊಬೆಲ್ಲಿಗೂ ಇದೇ ಮಾತು. ಪ್ರೋಟೀನಿನ ಆಕಾರ ಊಹಿಸುವ ಆಲ್ಫಾಫೋಲ್ಡ್ ದೊಡ್ಡ ಸಾಧನೆ, ಎರಡು ಮಾತಿಲ್ಲ. ಅದು ಪಾಠ ಕಲಿತಿದ್ದು ಪ್ರೋಟೀನ್ ಡೇಟಾ ಬ್ಯಾಂಕ್‌ನಿಂದ. 1971ರಿಂದ ಜಗತ್ತಿನ ಪ್ರಯೋಗಾಲಯಗಳು ಒಂದೊಂದಾಗಿ ಕಂಡುಹಿಡಿದು, ಬಚ್ಚಿಟ್ಟುಕೊಳ್ಳದೆ ಎಲ್ಲರಿಗೂ ಅಂತ ಇಟ್ಟ ಆಕಾರಗಳ ಕಣಜ ಅದು. ಆಲ್ಫಾಫೋಲ್ಡ್ ಕಲಿಯುವ ಹೊತ್ತಿಗೆ ಅದರಲ್ಲಿ ಸುಮಾರು 1.7 ಲಕ್ಷ ಆಕಾರಗಳಿದ್ದವು. ಒಂದೊಂದರ ಹಿಂದೆಯೂ ಯಾವುದೋ ಸಂಶೋಧಕಿಯ ಎರಡೋ ಮೂರೋ ವರ್ಷ. ಆ ಆಕಾರಗಳು ಸರಿಯಾಗಿವೆಯೇ ಅಂತ ಪರೀಕ್ಷಿಸಲು ಇವತ್ತಿಗೂ ಬಳಸುವ ನಕ್ಷೆಯ ಹೆಸರು ರಾಮಚಂದ್ರನ್ ಪ್ಲಾಟ್. 1963ರಲ್ಲಿ ಜಿ.ಎನ್. ರಾಮಚಂದ್ರನ್ ತಮ್ಮ ಸಹೋದ್ಯೋಗಿಗಳ ಜೊತೆ ಮದ್ರಾಸಿನಲ್ಲಿ ಮಾಡಿದ ಕೆಲಸ ಅದು. ಆಮೇಲೆ ಅವರು ಬೆಂಗಳೂರಿನ ಐಐಎಸ್‌ಸಿಗೆ ಬಂದು ಮಾಲಿಕ್ಯುಲರ್ ಬಯೋಫಿಸಿಕ್ಸ್ ವಿಭಾಗ ಕಟ್ಟಿದರು. ಅವರಿಗೆ ನೊಬೆಲ್ ಬರಲಿಲ್ಲ. ನಾವು ಯಶವಂತಪುರಕ್ಕೆ ಹೋಗುವಾಗ ಅದೇ ಕಾಂಪೌಂಡು ದಾಟಿ ಹೋಗುತ್ತೇವೆ.

ಆರಿಸುವ ಕಣ್ಣಿನ ವಿಷಯವನ್ನೂ ಹೇಳಿಬಿಡುತ್ತೇನೆ. ಪ್ರಶಸ್ತಿ ಸಮಿತಿಗಳು ನೋಡುವುದು ಒಳ್ಳೊಳ್ಳೆ ಸಮ್ಮೇಳನಗಳಲ್ಲಿ ಒಪ್ಪಿಗೆಯಾದ ಲೇಖನಗಳನ್ನು. ಆ ಒಪ್ಪಿಗೆ ಎಷ್ಟು ನಂಬಿಕೆಗೆ ಅರ್ಹ? ನಿಪ್ಸ್ ಅನ್ನುವ ದೊಡ್ಡ ಎಐ ಸಮ್ಮೇಳನ 2014ರಲ್ಲಿ ತನ್ನನ್ನೇ ಪರೀಕ್ಷೆಗೆ ಒಡ್ಡಿಕೊಂಡಿತು. 166 ಲೇಖನಗಳನ್ನು ಎರಡು ಬೇರೆ ಬೇರೆ ಸಮಿತಿಗಳಿಗೆ ಕೊಟ್ಟಿತು, ಒಬ್ಬರದ್ದು ಇನ್ನೊಬ್ಬರಿಗೆ ಗೊತ್ತಿಲ್ಲದ ಹಾಗೆ. 43 ಲೇಖನಗಳಲ್ಲಿ ಇಬ್ಬರ ತೀರ್ಪು ಬೇರೆಯಾಯ್ತು. ಇನ್ನೂ ಬಿಡಿಸಿ ನೋಡಿದರೆ, ಒಂದು ಸಮಿತಿ ಒಪ್ಪಿಕೊಂಡ ಲೇಖನಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಇನ್ನೊಂದು ತಿರಸ್ಕರಿಸಿತ್ತು! ತೀರಾ ಕಳಪೆ ಯಾವುದು ಅಂತ ಎಲ್ಲರಿಗೂ ಗೊತ್ತಾಗುತ್ತೆ. ಒಳ್ಳೆಯದರಲ್ಲಿ ಒಳ್ಳೆಯದು ಯಾವುದು ಅಂತ ಹೇಳುವಾಗ ಅದೃಷ್ಟದ ಪಾಲು ಬಹಳ. ಪದಗಳನ್ನು ಅಂಕಿಗಳಾಗಿಸುವ ವರ್ಡ್‌ಟುವೆಕ್‌ನ ಮೊದಲ ಲೇಖನವನ್ನು 2013ರಲ್ಲಿ ಐಸಿಎಲ್‌ಆರ್ ಸಮ್ಮೇಳನ ತಳ್ಳಿಹಾಕಿತ್ತು. ಅದರ ಮುಂದುವರಿಕೆಗೆ ಹತ್ತು ವರ್ಷದ ನಂತರ, 2023ರಲ್ಲಿ, 'ಕಾಲದ ಪರೀಕ್ಷೆ ಗೆದ್ದ ಲೇಖನ' ಅಂತ ನ್ಯೂರಿಪ್ಸ್ ಸನ್ಮಾನ ಮಾಡಿತು. ನ್ಯೂರಿಪ್ಸ್ ಅಂದರೆ ಹೆಸರು ಬದಲಿಸಿಕೊಂಡ ಅದೇ ನಿಪ್ಸ್.

ಹಾಗಾದರೆ ಪ್ರಶಸ್ತಿಯೇ ಬೇಡವೇ?

ಬೇಡ ಅನ್ನೋದು ಸುಲಭದ ಮಾತು, ನಾನು ಅದನ್ನು ಹೇಳೋದಿಲ್ಲ. ಪ್ರಶಸ್ತಿಗೆ ಒಂದು ಶಕ್ತಿ ಇದೆ. ಅದು ಮನುಷ್ಯನ ಕೈಗೆ ಮೈಕ್ ಕೊಡುತ್ತೆ. ಅಲಿ ರಹೀಮಿ 2017ರ ನಿಪ್ಸ್‌ನಲ್ಲಿ ಬೆಂಜಮಿನ್ ರೆಕ್ಟ್ ಜೊತೆಗೆ 'ಕಾಲದ ಪರೀಕ್ಷೆ' ಪ್ರಶಸ್ತಿ ಪಡೆದರು. ಧನ್ಯವಾದ ಹೇಳಿ ಇಳಿಯಬಹುದಿತ್ತು. ಅದರ ಬದಲು ಮಶೀನ್ ಲರ್ನಿಂಗ್ ಈಗ ರಸವಿದ್ಯೆಯ ಹಾಗಾಗಿದೆ, ಕೆಲಸ ಮಾಡುತ್ತೆ ಆದರೆ ಯಾಕೆ ಅಂತ ನಮಗೆ ಗೊತ್ತಿಲ್ಲ ಅಂತ ಅದೇ ವೇದಿಕೆಯಲ್ಲಿ ಅಂದರು. ಯಾನ್ ಲೆಕುನ್ ಬಹಿರಂಗವಾಗಿ ಅದನ್ನು ವಿರೋಧಿಸಿದರು. ಒಳ್ಳೇ ಜಗಳ ಆಯ್ತು, ಕ್ಷೇತ್ರಕ್ಕೆ ಅದರಿಂದ ಲಾಭವೇ ಆಯ್ತು. 2023ರಲ್ಲಿ ಗೂಗಲ್ ಬಿಟ್ಟು ಎಐ ಅಪಾಯದ ಬಗ್ಗೆ ಮಾತಾಡಲು ಶುರು ಮಾಡಿದ್ದ ಹಿಂಟನ್ ಮಾತಿಗೆ ನೊಬೆಲ್ ನಂತರ ಇನ್ನಷ್ಟು ತೂಕ ಬಂತು.

ಕಾದು ಕೊಟ್ಟ ಪ್ರಶಸ್ತಿಗೂ ಬೆಲೆ ಇದೆ. ಆಂಡ್ರ್ಯೂ ಬಾರ್ಟೊ ಮತ್ತು ಅವರ ವಿದ್ಯಾರ್ಥಿಯಾಗಿದ್ದ ರಿಚರ್ಡ್ ಸಟನ್ ಅವರಿಗೆ 2024ರ ಸಾಲಿನ ಟ್ಯೂರಿಂಗ್ ಪ್ರಶಸ್ತಿ 2025ರ ಮಾರ್ಚ್‌ನಲ್ಲಿ ಘೋಷಣೆ ಆಯ್ತು. ಮಾಡಿ ನೋಡಿ, ಏಟು ತಿಂದು, ಫಲ ಕಂಡು ಕಲಿಯುವ ರೀಇನ್‌ಫೋರ್ಸ್‌ಮೆಂಟ್ ಲರ್ನಿಂಗ್ ಅವರ ಕೆಲಸ. 1980ರ ಆಸುಪಾಸಿನಿಂದ ಅದನ್ನೇ ಹಿಡಿದು ಕೂತವರು. 1998ರಲ್ಲಿ ಪುಸ್ತಕ ಬರೆದರು, ಎರಡನೇ ಆವೃತ್ತಿಯನ್ನು ಯಾರು ಬೇಕಾದರೂ ಪುಕ್ಕಟೆ ಓದಲಿ ಅಂತ ಇಟ್ಟರು. ನನ್ನ ಹಾಗೆ ಜಿಲ್ಲಾ ಕೇಂದ್ರದ ಕಾಲೇಜಿನಲ್ಲಿ ಬಿಇ ಓದಿ, ಐಐಟಿ ಗೇಟನ್ನು ಹೊರಗಿನಿಂದ ಮಾತ್ರ ನೋಡಿದ ಎಷ್ಟೋ ಜನ ಈ ವಿಷಯ ಕಲಿತಿದ್ದು ಆ ಪಿಡಿಎಫ್‌ನಿಂದ. ಈ ಪ್ರಶಸ್ತಿ ಬಂದಾಗ ನಿಜಕ್ಕೂ ಖುಷಿಯಾಯ್ತು. ಆದರೂ ಮನಸ್ಸಿನಲ್ಲಿ ಒಂದು ಪ್ರಶ್ನೆ ಉಳಿಯಿತು. 2016ರಲ್ಲಿ ಆಲ್ಫಾಗೋ ಗೆಲ್ಲದೇ ಇದ್ದಿದ್ದರೆ, ಚಾಟ್‌ಜಿಪಿಟಿ ತರಬೇತಿಯಲ್ಲಿ ಈ ವಿಧಾನ ಬಳಸದೇ ಇದ್ದಿದ್ದರೆ, ಇವರಿಗೆ ಈ ಪ್ರಶಸ್ತಿ ಬರುತ್ತಿತ್ತೇ? ಕೆಲಸ ಅದೇ ಇರುತ್ತಿತ್ತು. ದೊಡ್ಡ ಪ್ರಶಸ್ತಿಯ ಕಾಯಿಲೆ ಇದು: ಮಾರುಕಟ್ಟೆ ಸಹಿ ಹಾಕಿದ ಮೇಲೆ ಮುದ್ರೆ ಒತ್ತುತ್ತೆ. ಸಣ್ಣ ಪ್ರಶಸ್ತಿ ಮಾರುಕಟ್ಟೆಗಿಂತ ಮೊದಲು ನೋಡುತ್ತೆ, ಆದರೆ ಅದರ ಮಾತು ಯಾರಿಗೂ ಕೇಳಿಸೋದಿಲ್ಲ.

ಇದರಿಂದ ನಮಗೇನು ಅಂತ ಕೇಳಬಹುದು. ಆಂಧ್ರದ ಕಾಟೂರು ಅನ್ನುವ ಹಳ್ಳಿಯಲ್ಲಿ ಹುಟ್ಟಿದ ರಾಜ್ ರೆಡ್ಡಿ 1994ರಲ್ಲಿ ಎಡ್ವರ್ಡ್ ಫೈಗನ್‌ಬಾಮ್ ಜೊತೆ ಟ್ಯೂರಿಂಗ್ ಪ್ರಶಸ್ತಿ ಪಡೆದರು. ಹಳ್ಳಿಯಿಂದ ಬಂದವರಿಗೆಲ್ಲ ಹೆಮ್ಮೆಯ ಹೆಸರು. ಆದರೆ ಅವರು, ತಾಂಬೆ, 2020ರಲ್ಲಿ ಏಜೆಂಟ್ ಪ್ರಶಸ್ತಿ ಪಡೆದ ಮುನೀಂದರ್ ಸಿಂಗ್, ಎಲ್ಲರ ವಿಳಾಸವೂ ಅಮೆರಿಕದ್ದು. ಇಲ್ಲಿದ್ದೇ ಕೆಲಸ ಮಾಡಿದವರನ್ನು ಗುರುತಿಸುವುದು ನಮ್ಮ ಪ್ರಶಸ್ತಿಗಳ ಪಾಲಿಗೆ ಬಿದ್ದ ಹೊಣೆ. ಬೆಂಗಳೂರಿನ ಇನ್ಫೋಸಿಸ್ ಸೈನ್ಸ್ ಫೌಂಡೇಶನ್ 2019ರಲ್ಲಿ ಐಐಟಿ ಬಾಂಬೆಯ ಸುನೀತಾ ಸರಾವಗಿ ಅವರಿಗೆ ಇನ್ಫೋಸಿಸ್ ಪ್ರಶಸ್ತಿ ಕೊಟ್ಟಿತು. ಇಂಥವು ಇನ್ನೂ ಬೇಕು, ಇನ್ನೂ ಕೆಳಗಿನ ಮಟ್ಟದಲ್ಲೂ ಬೇಕು. ವಿನಯ್ ಉದಯ್ ಪ್ರಭು ಅನ್ನುವ ಸಂಶೋಧಕರು 2019ರಲ್ಲಿ ಕನ್ನಡ ಅಂಕಿಗಳನ್ನು ಕೈಯಲ್ಲಿ ಬರೆಸಿ, ಕಲಿಕೆಗೆ 60,000, ಪರೀಕ್ಷೆಗೆ 10,000 ಚಿತ್ರಗಳ ಕನ್ನಡ-ಎಂನಿಸ್ಟ್ ಅನ್ನುವ ಡೇಟಾಸೆಟ್ ಮಾಡಿ ಎಲ್ಲರಿಗೂ ಬಿಟ್ಟುಕೊಟ್ಟರು. ಜಗತ್ತಿನ ಮೂಲೆಮೂಲೆಯ ಹುಡುಗರು ಕಾಗಲ್ ಸ್ಪರ್ಧೆಯಲ್ಲಿ ೧ ೨ ೩ ನೋಡಿದ್ದು ಅದರಿಂದ. ಅದೇ ವಿನಯ್ 2020ರಲ್ಲಿ ಅಬೆಬಾ ಬಿರ್ಹಾನೆ ಜೊತೆ ಸೇರಿ ದೊಡ್ಡ ಚಿತ್ರಭಂಡಾರಗಳೊಳಗೆ ಜನಾಂಗ ನಿಂದನೆಯ, ಹೆಂಗಸರನ್ನು ಹೀನಾಯ ಮಾಡುವ ಗುರುತುಗಳಿವೆ ಅಂತ ತೋರಿಸಿಕೊಟ್ಟರು. ಎಂಐಟಿ ತನ್ನ ಎಂಟು ಕೋಟಿ ಚಿತ್ರಗಳ ಭಂಡಾರವನ್ನು ವಾಪಸ್ ತೆಗೆದುಕೊಳ್ಳಬೇಕಾಯ್ತು. ಹೊಸದು ಕಟ್ಟುವುದು ಸಂಶೋಧನೆ ಆದರೆ, ಕಟ್ಟಿದ್ದರಲ್ಲಿ ಹುಳುಕು ಹುಡುಕುವುದೂ ಅಷ್ಟೇ ಸಂಶೋಧನೆ. ಪ್ರಶಸ್ತಿಯ ತಕ್ಕಡಿ ಎರಡನೆಯದನ್ನು ಹಗುರ ಅಂತಲೇ ತೂಗುತ್ತೆ.

ಬದಲಾಗಬೇಕಾದ್ದು ಅಸಾಧ್ಯವಾದ್ದೇನಲ್ಲ. ಒಂದು, ಪ್ರಶಸ್ತಿ ಪತ್ರದಲ್ಲಿ ಆ ಕೆಲಸಕ್ಕೆ ಹೆಗಲು ಕೊಟ್ಟವರನ್ನು, ತೀರಿಕೊಂಡವರನ್ನೂ ಸೇರಿಸಿ, ಹೆಸರು ಹಿಡಿದು ಬರೆಯಲಿ. ಹಣ ಇಬ್ಬರಿಗೇ ಹೋಗಲಿ, ಹೆಸರಿಗೆ ಬರ ಏಕೆ? ಎರಡು, ಡೇಟಾ ಕಟ್ಟುವವರಿಗೆ, ಓಪನ್ ಸೋರ್ಸ್ ಕಾಪಾಡಿಕೊಂಡು ಬರುವವರಿಗೆ, ತಪ್ಪು ಹುಡುಕುವವರಿಗೆ ಪ್ರತ್ಯೇಕ ಸಮಾಧಾನಕರ ಬಹುಮಾನ ಬೇಡ, ಮುಖ್ಯ ಪ್ರಶಸ್ತಿಯಲ್ಲೇ ಜಾಗ ಕೊಡಲಿ. ಮೂರು, ಏಜೆಂಟ್ ಪ್ರಶಸ್ತಿಯ ಹಾಗೆ ಸದ್ಯದ ಕೆಲಸ ನೋಡಿ ಕೊಡುವ ಪ್ರಶಸ್ತಿಗಳು ಹೆಚ್ಚಲಿ. ಮೂವತ್ತರ ಹರೆಯದಲ್ಲಿ ಸಿಗುವ ಒಂದು ಬೆನ್ನುತಟ್ಟು ತೊಂಬತ್ತರ ಹರೆಯದ ನೊಬೆಲ್‌ಗಿಂತ ಹೆಚ್ಚು ಸಂಶೋಧನೆ ಹುಟ್ಟಿಸುತ್ತೆ. ಹಾಪ್‌ಫೀಲ್ಡ್ ಅವರಿಗೆ ನೊಬೆಲ್ ಬಂದಾಗ 91 ವರ್ಷ.

ನಮ್ಮ ಪಾಲಿನ ಕೆಲಸವೂ ಒಂದಿದೆ. ಈ ವಾರ ಆಫೀಸಿನಲ್ಲಿ ಏಜೆಂಟ್ ಬಗ್ಗೆ ಡಿಸೈನ್ ಡಾಕ್ಯುಮೆಂಟ್ ಬರೆಯುವಾಗ, ಇದೇ ಪ್ರಶ್ನೆಯನ್ನು ಯಾರು ಮೊದಲು ಕೇಳಿದ್ದರು ಅಂತ ಅರ್ಧ ಗಂಟೆ ಹುಡುಕಿ. ಸಿಕ್ಕಿದ ಹೆಸರನ್ನು ಡಾಕ್ಯುಮೆಂಟಿನಲ್ಲಿ ಬರೆಯಿರಿ. ನಿಮ್ಮ ಟೀಮಿನಲ್ಲಿ ಡೇಟಾ ಶುಚಿ ಮಾಡಿದ ಹುಡುಗಿಯ ಹೆಸರನ್ನು ಡೆಮೋ ದಿನ ಮೊದಲ ಸ್ಲೈಡಿನಲ್ಲಿ ಹಾಕಿ. ಇದಕ್ಕೆ ಯಾವ ಸಮಿತಿಯ ಒಪ್ಪಿಗೆಯೂ ಬೇಕಾಗಿಲ್ಲ.